ಬಂಗಾರದ ಮರಳಿನ ನೆಲ

ಬಂಗಾರಪೇಟೆಯಲ್ಲಿ ಎಣ್ಣೆ ಮಿಲ್ಲಿನ ಯಜಮಾನರೊಬ್ಬರು ಹೊಸ ಮನೆ ಕಟ್ಟಿಸುತ್ತಿದ್ದರು. ಗೋಡೆ, ತಾರಸಿ ಮುಗಿದು ಒಳಗಿನ ಕೆಲಸಕ್ಕೆಂದು ನನ್ನನ್ನು ಕರೆಸಿದ ದಿನ ಅವರ ಹೆಂಡತಿ ಒಂದು ಬಣ್ಣದ ಚಿತ್ರವನ್ನು ನನ್ನ ಮುಂದೆ ಹಿಡಿದರು. ಯಾವುದೋ ವಿಲಾಯಿತಿ ಪತ್ರಿಕೆಯಿಂದ ಕತ್ತರಿಸಿಟ್ಟುಕೊಂಡಿದ್ದ ಹಾಳೆ. ದೊಡ್ಡ ಹಜಾರ, ಗೋಡೆಯುದ್ದಕ್ಕೂ ತಗ್ಗಾದ ಸೋಫಾ, ಮೂಲೆಯಲ್ಲಿ ಮೂರು ಕಾಲಿನ ಮೇಜು, ಚಾವಣಿಯ ಅಂಚಿನಿಂದ ದೀಪ ಕಾಣದ ಹಾಗೆ ಇಳಿಯುವ ಬೆಳಕು. ಆ ಅಮ್ಮನವರು ಬೆರಳಿಟ್ಟು ತೋರಿಸಿದ್ದು ಇದಾವುದನ್ನೂ ಅಲ್ಲ, ನೆಲವನ್ನು.

"ನಂಗೆ ಈ ಬಣ್ಣ ಬೇಕು. ಕೆಂಪು ಬೇಡಪ್ಪ, ಈ ಊರಲ್ಲಿ ಯಾರ ಮನೆಗೆ ಹೋದ್ರೂ ಅದೇ ಕೆಂಪು."

ಪಾರಿವಾಳದ ಕತ್ತಿನ ಬೂದು ಬಣ್ಣ. ಬೂದು ಎಂದರೆ ಬರೀ ಬೂದಿಯಲ್ಲ, ಒಳಗಿನಿಂದ ಒಂದು ಮಿನುಗು ಇತ್ತು. ನಾನು "ಆಗುತ್ತಮ್ಮ, ಅದಕ್ಕೇನು" ಎಂದುಬಿಟ್ಟೆ. ಈ ಕಸುಬಿಗೆ ಬರುವ ಹುಡುಗರಿಗೆ ನಾನು ಈಗ ಹೇಳುವುದು ಇದನ್ನೇ: ಗಿರಾಕಿ ಚಿತ್ರ ತೋರಿಸಿದರೆ ಬಾಯಿ ಬಿಡುವ ಮುಂಚೆ ಒಂದು ಲೋಟ ನೀರು ಕೇಳಿ ಕುಡಿಯಿರಿ. ಯೋಚನೆಗೆ ಅಷ್ಟಾದರೂ ಹೊತ್ತು ಸಿಗುತ್ತದೆ.

ಗಣಿಗಳು ಸರ್ಕಾರದ ಕೈಗೆ ಬಂದ ಹೊಸತು ಅದು. ಕೆ.ಜಿ.ಎಫ್.ನ ಇಂಗ್ಲಿಷ್ ದೊರೆಗಳು ಒಬ್ಬೊಬ್ಬರಾಗಿ ಊರಿಗೆ ಹೊರಡುತ್ತಿದ್ದರು. ಹೊರಡುವ ಮುಂಚೆ ಬಂಗಲೆಯ ಮೇಜು ಕುರ್ಚಿ, ಬೀರು, ಕನ್ನಡಿ, ಸ್ನಾನದ ತೊಟ್ಟಿಗಳನ್ನು ಹರಾಜಿಗೆ ಇಡುತ್ತಿದ್ದರು. ನಾನು ಅವನ್ನು ಕೊಂಡು ರಾಬರ್ಟ್‌ಸನ್‌ಪೇಟೆಯ ನನ್ನ ಅಂಗಡಿಯಲ್ಲಿ ಉಜ್ಜಿ, ಪಾಲೀಷ್ ಕೊಟ್ಟು ಮಾರುತ್ತಿದ್ದೆ. ಸಾಮಾನು ಕೊಂಡವರೇ ಆಮೇಲೆ "ಅಂಥದೇ ರೂಮು ಮಾಡಿಕೊಡ್ತೀಯಾ?" ಎನ್ನುತ್ತಿದ್ದರು. ಹಾಗೆ ನಾನು ಮನೆಯೊಳಗಿನ ಕೆಲಸಕ್ಕೆ ಇಳಿದವನು. ಪ್ಲೈವುಡ್ಡಿನ ಚಾವಣಿ, ಗೋಡೆಗೆ ತೇಗದ ತೆಳು ಹಾಳೆ, ಅಡಿಗೆಮನೆಗೆ ಬಿಳಿ ಹೊಳಪಿನ ಬಿಲ್ಲೆ, ಎಣ್ಣೆ ಚೆಲ್ಲಿದರೂ ಒರೆಸಿದರೆ ಹೋಗುವ ಪ್ಲಾಸ್ಟಿಕ್ ಹಾಳೆ ಅಂಟಿಸಿದ ಊಟದ ಮೇಜು. ಎಲ್ಲಕ್ಕಿಂತ ಹೆಚ್ಚಿನ ದರ್ಜೆಯೆಂದರೆ ಮೊಸಾಯಿಕ್ ನೆಲ. ಅಮೃತಶಿಲೆಯ ಚೂರುಗಳನ್ನು ಸಿಮೆಂಟಿನಲ್ಲಿ ಕಲಸಿ ಹಾಕಿ, ಗಟ್ಟಿಯಾದ ಮೇಲೆ ಕನ್ನಡಿಯಂತೆ ಉಜ್ಜುವುದು.

ಬೂದು ಬಣ್ಣ ನನ್ನನ್ನು ಹದಿನೈದು ದಿನ ಕಾಡಿತು. ಬಿಳಿ ಸಿಮೆಂಟಿಗೆ ಕಪ್ಪು ಬಣ್ಣದ ಪುಡಿ ಹಾಕಿದರೆ ಶಾಲೆಯ ಸ್ಲೇಟು. ಬರೀ ಸಿಮೆಂಟು ಬಿಟ್ಟರೆ ರೈಲ್ವೆ ಗೋಡೌನು. ಬೂದು ಕಲ್ಲಿನ ಪುಡಿ ಮದರಾಸಿನಿಂದ ಬರಬೇಕು, ಬರುವುದು ಯಾವಾಗಲೋ. ಬಿಸ್ಕತ್ತಿನ ಡಬ್ಬಿಯ ಮುಚ್ಚಳಗಳಲ್ಲಿ ಒಂದೊಂದು ಮಾದರಿ ಹಾಕಿ, ಒಣಗಿಸಿ, ಉಜ್ಜಿ, ಎಸೆಯುತ್ತ ಹೋದೆ.

ಒಂದು ಬೆಳಿಗ್ಗೆ ಮೈಸೂರು ಮೈನ್ಸ್ ಕಡೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದೆ. ಪಕ್ಕದಲ್ಲಿ ಸೈನೈಡ್ ಗುಡ್ಡ. ಗಣಿಯ ಕಲ್ಲನ್ನು ಹಿಟ್ಟಾಗಿ ಅರೆದು, ಸೈನೈಡ್ ನೀರಿನಲ್ಲಿ ಬಂಗಾರವನ್ನು ಕರಗಿಸಿ ತೆಗೆದ ಮೇಲೆ ಉಳಿದ ಮರಳನ್ನು ಸುರಿದು ಸುರಿದು ಎದ್ದ ಗುಡ್ಡ ಅದು. ನಮ್ಮ ಕಡೆಯವರು ಅದನ್ನು ಹುಟ್ಟಿದಾಗಿನಿಂದ ನೋಡುತ್ತೇವೆ, ಆದ್ದರಿಂದಲೇ ನೋಡುವುದಿಲ್ಲ. ಆ ಹೊತ್ತು ಬಿಸಿಲು ಓರೆಯಾಗಿ ಬಿದ್ದಿತ್ತು. ಪಾರಿವಾಳದ ಕತ್ತು! ಬೇಲಿಯ ಈಚೆ, ಮಳೆಯಲ್ಲಿ ಕೊಚ್ಚಿ ಬಂದು ಹಳ್ಳದಲ್ಲಿ ನಿಂತಿದ್ದ ಮರಳನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಬಂದೆ. ಮುಚ್ಚಳದಲ್ಲಿ ಮಾದರಿ ಹಾಕಿ ಮೂರನೆಯ ದಿನ ಉಜ್ಜಿದರೆ, ಚಿತ್ರದ ನೆಲ ನನ್ನ ಅಂಗೈಯಲ್ಲಿತ್ತು.

ಅದನ್ನು ಹಾಗೇ ಕೊಟ್ಟಿದ್ದರೆ ನಾನು ನಾನಾಗುತ್ತಿರಲಿಲ್ಲ. ಯಜಮಾನರ ಮುಂದೆ ಮುಚ್ಚಳ ಇಟ್ಟು ದನಿ ತಗ್ಗಿಸಿದೆ.

"ಯಜಮಾನ್ರೇ, ಇದು ಬಂಗಾರ ತೆಗೆದ ಮರಳು. ಎಷ್ಟು ತೆಗೆದ್ರೂ ಪೂರಾ ಬರ್ತದಾ? ಎಲ್ಲೋ ಒಂದೊಂದು ಕಣ ಉಳಿದೇ ಇರ್ತದೆ. ಈ ಮಿನುಗು ಮತ್ತೆ ಇನ್ನೇನು ಅಂತೀರಿ?"

ಮಿನುಗುತ್ತಿದ್ದದ್ದು ಬರೀ ಕಾಗೆಬಂಗಾರದ ಪುಡಿ ಎಂದು ನನಗೆ ಆಗಲೂ ಗೊತ್ತಿತ್ತು. ಯಜಮಾನರು ಮುಚ್ಚಳವನ್ನು ಬೆಳಕಿಗೆ ಹಿಡಿದು ತಿರುಗಿಸಿದರು. "ಬಂಗಾರಪೇಟೇಲಿ ಬಂಗಾರದ ನೆಲ!" ಎಂದು ಹೆಂಡತಿಯ ಕಡೆ ನೋಡಿ ನಕ್ಕರು. ಆ ವಾರವೇ ಮಿಲ್ಲಿಗೆ ಬಂದವರಿಗೆಲ್ಲ ಹೇಳಿಯೂ ಬಿಟ್ಟರು.

ನೆಲ ಹಾಕಬೇಕಾದವನು ನನ್ನ ಮೇಸ್ತ್ರಿ. ಗಣಿಯ ಕೂಲಿ ಲೈನಿನಲ್ಲಿ ಮನೆ, ಮನೆಮಾತು ತಮಿಳು, ನಮ್ಮ ಜೊತೆ ಕನ್ನಡ. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ದೊಡ್ಡವನು, ಆದರೂ ನನ್ನನ್ನು "ಅಣ್ಣ" ಎನ್ನುತ್ತಿದ್ದ. ಕೆಲಸ ಕೊಡುವವರೆಲ್ಲ ಅವನಿಗೆ ಅಣ್ಣಂದಿರು. ಅವನ ಹೆಂಡತಿ ಉಜ್ಜುವ ಕೆಲಸದವಳು. ಇವನು ಹಾಕಿದ ನೆಲವನ್ನು ಅವಳು ಉಜ್ಜಿದರೆ ಮಟ್ಟ ನೋಡುವ ರಸಮಟ್ಟದ ಗುಳ್ಳೆ ಮಧ್ಯದಿಂದ ಅಲ್ಲಾಡುತ್ತಿರಲಿಲ್ಲ. ಕರಣೆ ಹಿಡಿದವರಲ್ಲಿ ಅವನಷ್ಟು ಹೆಸರಿದ್ದವರು ಆಗ ಕೆ.ಜಿ.ಎಫ್.ನಲ್ಲಿ ಇಬ್ಬರೋ ಮೂವರೋ. ಅವನಿಗಿದ್ದ ಆಸ್ತಿಯೂ ಆ ಹೆಸರೊಂದೇ.

ಅವನಲ್ಲಿ ಒಂದು ಪದ್ಧತಿ ಇತ್ತು. ಗಾಡಿಯಿಂದ ಮರಳು ಇಳಿದ ಕೂಡಲೇ ಒಂದು ಚಿಟಿಕೆ ನಾಲಿಗೆಯ ಮೇಲೆ ಇಟ್ಟುಕೊಂಡು, ಕಣ್ಣು ಮುಚ್ಚಿ, ಉಗಿಯುತ್ತಿದ್ದ. ಉಪ್ಪಿನ ಸೋಂಕು ಇದ್ದರೆ ಗಾಡಿ ವಾಪಸ್ಸು. ಪಾಲಾರಿನ ಮರಳಾದರೂ ಸರಿ, ಹಳ್ಳದ್ದಾದರೂ ಸರಿ, ನಾಲಿಗೆ ಒಪ್ಪದೆ ಕರಣೆ ಮುಟ್ಟುತ್ತಿರಲಿಲ್ಲ. ಅವತ್ತು ಗಾಡಿಯ ಬೂದು ಮರಳಿಗೆ ಕೈ ಹಾಕಿದವನು ಬೆರಳನ್ನು ಬಾಯಿಯ ಹತ್ತಿರ ತಂದಿದ್ದ. ಹೆಂಡತಿ ಪಟಾರನೆ ಅವನ ಕೈಗೆ ಹೊಡೆದಳು.

"ಅಯ್ಯೋ, ವೇಣಾಂ, ಬ್ಯಾಡ! ಗುಡ್ಡದ ಮಣ್ಣು ಅದು, ಸೈನೈಡು. ಬಾಯಿಗಿಕ್ಕಿ ಇಲ್ಲೇ ಮಲಿಕ್ಕಂತೀಯಾ?"

ಅವನು ಕೈ ಒರೆಸಿಕೊಂಡು ನನ್ನ ಕಡೆ ನೋಡಿದ. "ಇದು ನಂಗೆ ಆಗಲ್ಲಣ್ಣ."

"ಯಾಕೆ?"

"ನಾಲಿಗೆ ಮ್ಯಾಲೆ ಇಕ್ಕಾಕೆ ಆಗ್ದಿರೋ ಮಳ್ಳು, ನೆಲದಾಗೆ ಎಂಗಣ್ಣ ಇಕ್ಕಾದು? ಒಳಗೇನೈತೆ ಅಂತ ನಂಗೆ ತಿಳಿಯಲ್ಲ."

ಚೌಕಾಸಿಯ ಒಂದು ಗುಟ್ಟು ಹೇಳುತ್ತೇನೆ. ಎದುರಿನವನ ಭಯವನ್ನು ವಾದ ಮಾಡಿ ಗೆಲ್ಲಲು ಹೋಗಬಾರದು. ಅದನ್ನು ನಗೆಯಾಗಿಸಬೇಕು. ಆಮೇಲೆ ಅದನ್ನು ಎರಡನೇ ಸಲ ಬಾಯಿಬಿಟ್ಟು ಹೇಳಲು ಅವನಿಗೇ ನಾಚಿಕೆಯಾಗುತ್ತದೆ. ನಾನು ಅದನ್ನೇ ಮಾಡಿದೆ.

"ಏನು ಮೇಸ್ತ್ರಿ, ಆ ಮನೆಯೋರು ನೆಲ ನೆಕ್ಕೋಕೆ ಹೋಗ್ತಾರಾ? ಗಾಳಿ ಬೀಸಿದ್ರೆ ನಿಮ್ಮ ಲೈನಿನ ಅನ್ನದ ತಟ್ಟೆಗೆಲ್ಲ ಇದೇ ಮರಳು ಬೀಳ್ತದೆ. ಇಷ್ಟು ವರ್ಷ ತಿಂದಿದ್ದೀಯ, ಸತ್ತಿದ್ದೀಯಾ?"

ಕೂಲಿಯವರು ನಕ್ಕರು. ಅವನೂ ನಕ್ಕ. ನಾನು ಬಿಡಲಿಲ್ಲ. "ಗಣಿಯೋರು ಅದೆಷ್ಟು ಸಲ ತೊಳೆದಿದ್ದಾರೆ ಇದನ್ನ. ಅಷ್ಟು ತೊಳೆದ ಮರಳಲ್ಲಿ ಉಪ್ಪು ಎಲ್ಲಿಂದ ಬರ್ತದೆ? ನೀನೇ ಹೇಳು."

ಅವನು ಒಂದು ಹಿಡಿ ಮರಳು ಎತ್ತಿ ಬೆರಳ ಸಂದಿನಿಂದ ಸುರಿದ. ಆದರೂ ಕರಣೆ ಎತ್ತಲಿಲ್ಲ. "ಏನಾನಾ ಆದ್ರೆ ಅಣ್ಣ?" ಎಂದ.

ನಾನು ಎಲ್ಲರ ಎದುರಿಗೆ ನನ್ನ ತಲೆಯ ಮೇಲೆ ಕೈ ಇಟ್ಟುಕೊಂಡೆ. "ಏನಾದ್ರೂ ಆದ್ರೆ ನನ್ನ ತಲೆ ಮೇಲೆ. ಸಾಕಾ?"

ಅಷ್ಟಕ್ಕೆ ಅವನು ಕರಣೆ ಎತ್ತಿದ.

ಕೆಲಸ ಮಾತ್ರ ಅವನು ಮಾಡಿದ ಹಾಗೆ ಯಾರೂ ಮಾಡಲಾರರು. ಹಜಾರವನ್ನು ಹಿತ್ತಾಳೆಯ ತೆಳು ಪಟ್ಟಿಗಳಿಂದ ಚೌಕಗಳಾಗಿ ಕಟ್ಟಿಕೊಂಡ. ಕೆಳಗೆ ಎರಡು ಬೆರಳು ದಪ್ಪ ಗಾರೆಯ ಹಾಸು, ಅದರ ಮೇಲೆ ಅರ್ಧ ಬೆರಳಿನಷ್ಟು ಚೂರುಗಳ ಪದರ. ಎರಡಕ್ಕೂ ಗುಡ್ಡದ ಮರಳು, ಯಾಕೆಂದರೆ ಸಲೀಸಾಗಿ ಸಿಗುತ್ತಿತ್ತು, ಜರಡಿ ಹಿಡಿಯುವ ಕೆಲಸವೂ ಇರಲಿಲ್ಲ. ಏಳು ದಿನ ಗೋಣಿಚೀಲ ಹೊದಿಸಿ ನೀರು ಕುಡಿಸಿದೆವು. ಆಮೇಲೆ ಅವನ ಹೆಂಡತಿ ಇನ್ನಿಬ್ಬರು ಹೆಂಗಸರನ್ನು ಕೂಡಿಸಿಕೊಂಡು, ಮೊದಲು ಒರಟು ಕಲ್ಲು, ಆಮೇಲೆ ನಯದ ಕಲ್ಲು, ಕೊನೆಗೆ ಪಾಲೀಷ್ ಪುಡಿ ಹಾಕಿ, ಮಂಡಿಯೂರಿ ಹದಿನೆಂಟು ದಿನ ಉಜ್ಜಿದಳು. ಮೇಣ ಸವರಿ ಕಿಟಕಿ ತೆಗೆದಾಗ ಯಜಮಾನರ ಹೆಂಡತಿ ಬಾಗಿಲಲ್ಲೇ ನಿಂತುಬಿಟ್ಟರು, ಕಾಲಿಡಲು ಮನಸ್ಸಾಗದೆ.

ಗೃಹಪ್ರವೇಶಕ್ಕೆ ಬಂದ ಕೋಲಾರದ ವಕೀಲರೊಬ್ಬರು ಅಂಥದೇ ನೆಲ ತಮಗೂ ಬೇಕೆಂದರು. ಮೇಸ್ತ್ರಿಯ ಭುಜ ತಟ್ಟಿ, "ನಮ್ಮ ಮನೆ ಗಾರೆ ಕೆಲಸ ಪೂರಾ ನೀನೇ ನೋಡ್ಕೋಬೇಕು" ಎಂದರು. ಒಬ್ಬರ ಕೈಕೆಳಗಲ್ಲದೆ ತಾನೇ ಹತ್ತು ಆಳು ಇಟ್ಟುಕೊಂಡು ಮಾಡುವ ಮೊದಲ ಕೆಲಸ ಅವನಿಗೆ ಅದಾಗುತ್ತಿತ್ತು. ಆವತ್ತು ಅವನು ಹೊಸ ಶರ್ಟು ತೊಟ್ಟಿದ್ದ.

ಮೂರು ತಿಂಗಳಿಗೆ ನೆಲದ ಮೇಲೆ ಬಿಳಿ ಅರಳಿತು. ಪುಡಿ ಉಪ್ಪು ಉದುರಿಸಿದ ಹಾಗೆ. ಒರೆಸಿದರೆ ಹೋಗುವುದು, ನಾಲ್ಕು ದಿನಕ್ಕೆ ಮತ್ತೆ ಬರುವುದು. ನಾನು "ಹೊಸ ನೆಲ, ಬೆವರ್ತದೆ" ಎಂದು ಹೇಳಿ ಮೇಣ ಹಾಕಿಸಿದೆ. ಬಿಳಿ ಮೇಣದ ಕೆಳಗೇ ಅರಳಿತು. ಆಮೇಲೆ ಆಮ್ಲದ ನೀರು ಬಳಿಸಿದೆ. ಅದು ನಾನು ಮಾಡಿದ ಇನ್ನೊಂದು ತಪ್ಪು. ಕಾರಣ ತಿಳಿಯದೆ ಮದ್ದು ಹಚ್ಚಬೇಡಿ. ಮಳೆಗಾಲ ಹಿಡಿದ ಮೇಲೆ ನೆಲ ಸದ್ದು ಮಾಡತೊಡಗಿತು. ಹಿತ್ತಾಳೆ ಪಟ್ಟಿಯ ಬದಿಗೆ ಕೂದಲೆಳೆಯ ಬಿರುಕು. ದೀಪಾವಳಿಯ ಹೊತ್ತಿಗೆ ಹಜಾರದ ನಡುವೆ ನೆಲವೇ ಮೇಲೆದ್ದು, ಚಿತ್ರ ನೋಡಿ ಮಾಡಿಸಿದ್ದ ಮೂರು ಕಾಲಿನ ಮೇಜು ಯಾವ ಕಡೆ ಇಟ್ಟರೂ ವಾಲಿ ನಿಲ್ಲುತ್ತಿತ್ತು.

ಯಜಮಾನರು ನನ್ನನ್ನೂ ಮೇಸ್ತ್ರಿಯನ್ನೂ ಒಟ್ಟಿಗೆ ಕರೆಸಿದರು. ನಾವು ಹೋದಾಗ ಮನೆಯ ತುಂಬ ಜನ. ಮಗಳನ್ನು ಕೊಡುವ ಮಾತಿಗಾಗಿ ಬೀಗರ ಕಡೆಯವರು ಬಂದಿದ್ದರು. ಮಿಲ್ಲಿನ ಗುಮಾಸ್ತರು, ಅಕ್ಕಪಕ್ಕದವರು, ಇನ್ನೊಂದು ಕೆಲಸದ ಆಳುಗಳು. ಮೇಸ್ತ್ರಿ ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದ, ಉಬ್ಬಿದ ಜಾಗ ಉಜ್ಜಿ ಸರಿಹೋಗುವುದಾದರೆ ಎಂದು.

"ಏನಯ್ಯಾ ಇದು? ಬಂಗಾರದ ನೆಲ ಅಂದೆ. ಇದೇನು, ಬಸುರಿ ಹೆಂಗಸಿನ ಹೊಟ್ಟೆನಾ?"

ಬೀಗರು ನಗು ತಡೆದುಕೊಂಡರು. ಯಜಮಾನರ ಮುಖ ಕೆಂಪಾಗಿತ್ತು. ಇನ್ನೊಂದು ಗಳಿಗೆ ಬಿಟ್ಟರೆ ಅವರು "ಆ ಮರಳು" ಎನ್ನುತ್ತಾರೆ ಎಂದು ನನಗೆ ಅನ್ನಿಸಿತು. ಅನ್ನುವ ಮುಂಚೆ ನಾನು ಬಾಯಿ ಬಿಟ್ಟೆ.

"ಏನು ಹೇಳೋದು ಯಜಮಾನ್ರೇ, ನಮ್ಮ ಮೇಸ್ತ್ರಿ ಸಿಮೆಂಟಿನ ಜೊತೆಗೆ ಸೋಡಾ ಹಾಕಿ ಕಲಸಿದ್ದಾನೋ ಏನೋ. ಇಡ್ಲಿ ಹಂಗೆ ಉಬ್ಬಿದೆ."

ಹಜಾರ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಯಜಮಾನರೂ ನಕ್ಕರು, ಬೀಗರೂ ನಕ್ಕರು. ನಗು ಮುಗಿಯುವ ಹೊತ್ತಿಗೆ ತಪ್ಪು ಯಾರದೆಂದು ತೀರ್ಮಾನವಾಗಿಹೋಗಿತ್ತು. ಮೇಸ್ತ್ರಿ ನನ್ನನ್ನು ನೋಡಿದ. ಕೋಪದಿಂದಲ್ಲ. ನಾನು ಮುಂದೆ ಇನ್ನೇನೋ ಹೇಳುತ್ತೇನೆ, ಮಾತು ತಿರುಗಿಸುತ್ತೇನೆ ಎಂದು ಕಾಯುವವನ ಹಾಗೆ ನೋಡಿದ. ನಾನು ಮೇಜಿನ ಕಾಲು ಸರಿಮಾಡುತ್ತಿದ್ದೆ.

ಅವನ ಹೆಂಡತಿ ಮುಂದೆ ಬಂದಳು. "ತಲೆ ಮ್ಯಾಲೆ ಅಂದಿದ್ರಲ್ಲ ಸಾಮಿ? ಆ ತಲೆ ಈಗ ಎಲ್ಲೋಯ್ತು?"

ಅವನೇ ಅವಳ ರಟ್ಟೆ ಹಿಡಿದು ಹೊರಗೆ ಕರೆದುಕೊಂಡು ಹೋದ.

ನಾಲ್ಕು ದಿನದಲ್ಲಿ ಆ ಹೆಸರು ರೈಲಿನಲ್ಲಿ ಕೆ.ಜಿ.ಎಫ್. ತಲುಪಿತು. ಸೋಡಾ ಮೇಸ್ತ್ರಿ. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನ ಬಳಿ, ಬೆಳಿಗ್ಗೆ ಕೂಲಿಯವರು ಕೆಲಸಕ್ಕಾಗಿ ಕಾಯುವ ಜಾಗದಲ್ಲಿ, ಅವನು ಬಂದರೆ ಯಾರೋ ಬಾಯಲ್ಲಿ ಸೋಡಾ ಬಾಟಲಿ ಒಡೆದ ಸದ್ದು ಮಾಡುತ್ತಿದ್ದರಂತೆ. ಕೋಲಾರದ ವಕೀಲರು ನನಗೆ ಹೇಳಿ ಕಳಿಸಿದರು: ನೆಲ ಅದೇ ಬೇಕು, ಆದರೆ ಮೇಸ್ತ್ರಿ ಬೇರೆಯವನಾಗಲಿ.

ಇಷ್ಟಕ್ಕೇ ನಿಂತಿದ್ದರೆ ನಾನು ತಿಳಿಯದೆ ಮಾಡಿದೆ ಎಂದು ಹೇಳಿಕೊಳ್ಳಬಹುದಿತ್ತು. ಮುಂದಿನದಕ್ಕೆ ಆ ನೆಪವೂ ಇಲ್ಲ. ಉಬ್ಬಿದ ನಡುಭಾಗವನ್ನು ಕಿತ್ತು, ಮಾಲೂರು ಕಡೆಯ ಬೇರೆ ಮೇಸ್ತ್ರಿಯಿಂದ ತೇಪೆ ಹಾಕಿಸಿದೆ. ಆಗ ನಾನೇ ನಿಂತು, ಯಾರಿಗೂ ಹೇಳದೆ, ಪಾಲಾರಿನ ಮರಳು ಹಾಕಿಸಿದೆ. ಒಳಗೆ ಎಲ್ಲೋ ಸಂಶಯ ಇತ್ತೆಂದೇ ಅಲ್ಲವೇ ಹಾಕಿಸಿದ್ದು? ಎರಡು ತಿಂಗಳಿಗೆ ತೇಪೆ ಹಾಕಿದ ಕಡೆ ಕಲ್ಲಿನಂತಿತ್ತು, ಸುತ್ತಲಿನ ಹಳೆಯ ನೆಲ ಮಾತ್ರ ಏಳುತ್ತಲೇ ಹೋಯಿತು. ಯಜಮಾನರು ಕೋಲಿನಿಂದ ತಟ್ಟಿ ತೋರಿಸಿದರು.

"ನೋಡಿದ್ಯಾ? ಬೇರೆಯವನ ಕೈ ಬಿದ್ದಿದ್ದು ನಿಂತಿದೆ. ಅವನ ಕೈದು ಎದ್ದಿದೆ. ನೀನು ಅವತ್ತು ಹೇಳಿದ್ದೇ ಸರಿ ಕಣಯ್ಯ."

ಆ ಮನುಷ್ಯನನ್ನು ಬಿಡಿಸಬೇಕಾಗಿದ್ದ ಸಾಕ್ಷಿಯೇ ಅವನ ಕತ್ತಿಗೆ ಬಿತ್ತು. ನಾನು "ಹೌದು ಯಜಮಾನ್ರೇ" ಎಂದೆ. ಈ ಎರಡು ಪದಗಳನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ವಕೀಲರ ನೆಲಕ್ಕೆ ಗುಡ್ಡದ ಮರಳು ತರಲು ಧೈರ್ಯವಾಗಲಿಲ್ಲ, ಬಿಡಲು ಮನಸ್ಸೂ ಬರಲಿಲ್ಲ. ಗಣಿಯ ಪರೀಕ್ಷಾ ಕೋಣೆಯಲ್ಲಿ ಕಲ್ಲು ಪರೀಕ್ಷೆ ಮಾಡುತ್ತಿದ್ದು, ವಯಸ್ಸಾಗಿ ನಿವೃತ್ತರಾದ ಒಬ್ಬರು ನನ್ನ ಅಂಗಡಿಗೆ ಪೇಪರ್ ಓದಲು ಬರುತ್ತಿದ್ದರು. "ಸಾರ್, ಆ ಮರಳನ್ನ ಇನ್ನೊಂದು ಸಲ ತೊಳೆದ್ರೆ ಸರಿಹೋಗ್ತದಾ?" ಎಂದು ಕೇಳಿದೆ. ಅವರು ಪೇಪರ್ ಮಡಿಚಿದರು.

"ಆ ಕಲ್ಲಲ್ಲಿ ಗಂಧಕ ಇದೆ ಮಾರಾಯ. ನೀರು ಗಾಳಿ ತಾಗಿದ್ರೆ ಆಮ್ಲ ಆಗ್ತದೆ, ಅದೂ ಸಿಮೆಂಟೂ ಸೇರಿದ್ರೆ ಹಿಗ್ಗಿ ಹೊಸ ಉಪ್ಪಾಗ್ತದೆ. ತೊಳೆದಷ್ಟೂ ನೀರು ತಾನೇ? ನಾಲಿಗೆಗೆ ಒಂದು ಚೂರು ಇಟ್ಟಿದ್ರೂ ತಿಳೀತಿತ್ತು, ಪಟಿಕದ ಥರ ಒಗರು."

"ಸೈನೈಡು ಅಲ್ವಾ ಸಾರ್, ನಾಲಿಗೆಗೆ ಹೇಗೆ..."

"ಅದು ಬಿಸಿಲು ಮಳೆಗೆ ಎಂದೋ ಹೋಗಿರ್ತದೆ. ಆದ್ರೂ ನೆಕ್ಕು ಅಂತ ನಾನು ಹೇಳಲ್ಲಪ್ಪ" ಎಂದು ನಕ್ಕರು.

ಅಂದರೆ ಅವನ ಪದ್ಧತಿಯೇ ಸರಿ ಇತ್ತು. ನಾಲಿಗೆ ಒಪ್ಪದ್ದನ್ನು ಬೇಡವೆಂದವನ ಬಾಯಿಯನ್ನು ನಾನು ನಗಿಸಿ ಮುಚ್ಚಿಸಿದ್ದೆ.

ಗೊತ್ತಾದ ಮೇಲೂ ಒಂದು ವಾರ ಸುಮ್ಮನಿದ್ದೆ. ಒಂದು ದಿನ ರಾಬರ್ಟ್‌ಸನ್‌ಪೇಟೆಯಲ್ಲಿ ಮಹಡಿ ಕಟ್ಟುತ್ತಿದ್ದ ಒಂದು ಅಂಗಡಿಯ ಮುಂದೆ ಹಾದುಹೋಗುತ್ತಿದ್ದೆ. ಸಾರುವೆಯ ಮೇಲಿಂದ ಮೀಸೆ ಮೂಡುತ್ತಿದ್ದ ಒಬ್ಬ ಗಾರೆಯವನು ಕೂಗಿದ: "ಲೇ ಸೋಡಾ, ಎಲ್ಲೋದ್ಯಲಾ? ಗಾರೆ ತಾ!" ಕೆಳಗಿನಿಂದ ಬಾಂಡಲಿ ಹೊತ್ತು ಏಣಿ ಹತ್ತುತ್ತಿದ್ದವನು ನನ್ನ ಮೇಸ್ತ್ರಿ. ಅವನು ಕರಣೆ ಹಿಡಿಯಲು ಕಲಿಸಿದ ಹುಡುಗರಲ್ಲಿ ಒಬ್ಬನಿಗೆ ಅವನು ಗಾರೆ ಹೊರುತ್ತಿದ್ದ. ಏಣಿಯ ಅರ್ಧದಲ್ಲಿ ನನ್ನನ್ನು ನೋಡಿದ, ತಲೆ ಆಡಿಸಿ "ಚೆನ್ನಾಗಿದ್ದೀಯಾ ಅಣ್ಣ?" ಎಂದ. ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮಾರನೆಯ ದಿನ ಮೊದಲ ರೈಲಿಗೆ ಬಂಗಾರಪೇಟೆಗೆ ಹೋಗಿ, ಮಿಲ್ಲಿನ ಕೋಣೆಯಲ್ಲಿ ಯಜಮಾನರೊಬ್ಬರೇ ಇದ್ದಾಗ ಎಲ್ಲ ಹೇಳಿದೆ. ಮರಳಿನ ತಪ್ಪು, ನನ್ನ ತಪ್ಪು, ಅವನದಲ್ಲ. ಬಂಗಾರದ ಕಣವೂ ಸುಳ್ಳು. ಬೈಗುಳಕ್ಕೆ ತಯಾರಾಗಿ ಹೋಗಿದ್ದೆ. ಅವರು ಎದ್ದು ಬಾಗಿಲು ಹಾಕಿದರು.

"ಬೀಗರಿಗೆ ಬಂಗಾರದ ನೆಲ ಅಂತ ಹೇಳ್ಕೊಂಡಿದ್ದೀನಿ ಕಣಯ್ಯ. ಈಗ ವಿಷದ ಮರಳು ಅಂದ್ರೆ ನಾನೇನು ಮುಖ ತೋರಿಸ್ಲಿ? ಮೇಸ್ತ್ರಿ ಕೆಡಿಸ್ದ, ಹೊಸದಾಗಿ ಹಾಕಿಸ್ದೆ. ಅಷ್ಟೇ ಇರ್ಲಿ. ಸದ್ದಿಲ್ಲದೆ ಕಿತ್ತು ಬೇರೆ ಹಾಕ್ಕೊಡು. ನಿಂಗೂ ಒಳ್ಳೇದು, ನಂಗೂ ಒಳ್ಳೇದು."

ನನ್ನ ಜೀವಮಾನದಲ್ಲಿ ನಾನು ಕುದುರಿಸಿದ ವ್ಯಾಪಾರಗಳಲ್ಲಿ ಇಷ್ಟು ಸುಲಭದ್ದು ಇನ್ನೊಂದಿಲ್ಲ. ಒಪ್ಪಿಕೊಂಡೆ. ಸತ್ಯ ಹೇಳಿಬಿಟ್ಟೆನಲ್ಲ ಎಂದು ಎದೆ ಹಗುರಾದ ಹಾಗೂ ಅನ್ನಿಸಿತು. ಪ್ರಾಯಶ್ಚಿತ್ತವೆಂಬಂತೆ ಸುತ್ತಿಗೆ ಉಳಿ ತೆಗೆದುಕೊಂಡು ಆ ನೆಲವನ್ನು ನಾನೇ ಕುಳಿತು ಒಡೆದೆ, ಐದು ದಿನ. ಕೆಳಗಿನ ಹಾಸು ಒದ್ದೆ ಬೆಲ್ಲದ ಹಾಗೆ ಪುಡಿಯಾಗುತ್ತಿತ್ತು. ಮೇಲಿನ ಚೂರುಗಳ ಪದರ ಮಾತ್ರ ಉಳಿಗೆ ಬೇಗ ಬಗ್ಗಲಿಲ್ಲ. ಅಷ್ಟು ಒತ್ತಾಗಿ ಕೂರಿಸಿದ್ದ.

ಹೊಸ ನೆಲ ಅವನೇ ಹಾಕಲಿ ಎಂದು ಕರೆಯಲು ಲೈನಿನ ಅವನ ಮನೆಗೆ ಹೋದೆ. ಅವನ ಹೆಂಡತಿ ಚಾಪೆ ಹಾಸಲಿಲ್ಲ. ನಾನು ನಿಂತೇ ಹೇಳಿದೆ: ಯಜಮಾನರಿಗೆ ಎಲ್ಲ ಹೇಳಿಬಿಟ್ಟಿದ್ದೇನೆ, ನಿನ್ನದು ತಪ್ಪಿಲ್ಲವೆಂದು ಅವರಿಗೆ ಗೊತ್ತು, ಬಂದು ಕೆಲಸ ಹಿಡಿ.

ಅವನು ಕೇಳಿದ: "ಯಾರ್‍ಯಾರು ಇದ್ರಣ್ಣ, ನೀನು ಏಳಿದಾಗ?"

"ಯಜಮಾನರು."

"ಮತ್ತೆ?"

"ಅವರೊಬ್ಬರೇ."

ಅವನ ಹೆಂಡತಿ ಒಲೆಯ ಕಡೆ ತಿರುಗಿಕೊಂಡೇ ಅಂದಳು: "ಸುಳ್ಳು ಊರು ತುಂಬಾ ಏಳಿದ್ರಿ. ನಿಜ ಒಂದು ಕಿವೀಲಿ ಊದಿ ಬಂದ್ರಾ? ಇದೂ ಯಾಪಾರಾನೇ ಅಲ್ವಾ ಸಾಮಿ?"

ಅವನು ಈ ಸಲ ಅವಳ ರಟ್ಟೆ ಹಿಡಿಯಲಿಲ್ಲ.

ಸತ್ಯ ಹೇಳಿದ ದಿನದಿಂದ ನನ್ನ ಬಳಿ ಇದ್ದ ಹಗುರ ಆ ಬಾಗಿಲಲ್ಲೇ ಇಳಿದುಹೋಯಿತು. ಎರಡು ದಿನ ಲೆಕ್ಕ ಹಾಕಿದೆ. ಬಾಯಿ ಬಿಟ್ಟರೆ ಮಿಲ್ ಯಜಮಾನರ ಮನೆಯ ಬಾಗಿಲು ಮುಚ್ಚುತ್ತದೆ, ಕೋಲಾರದ ಕೆಲಸ ಹೋಗುತ್ತದೆ, ಇವನು ಕಣ್ಣಿಗೆ ಕಂಡದ್ದನ್ನೆಲ್ಲ ನೆಲಕ್ಕೆ ಹಾಕುವವನು ಎಂಬ ಮಾತು ನನಗೇ ಅಂಟುತ್ತದೆ. ಇನ್ನೊಂದು ಕಡೆಗೆ ಇಡಲು ಏಣಿ ಹತ್ತುತ್ತಿದ್ದ ಅವನೊಬ್ಬನೇ. ತಕ್ಕಡಿ ಯಾವ ಕಡೆ ವಾಲಿತೆಂದು ನಾನು ಜಂಬ ಕೊಚ್ಚುವುದಿಲ್ಲ. ಮೂರನೆಯ ದಿನ ಬೆಳಿಗ್ಗೆ ಮಾರ್ಕೆಟ್ಟಿನ ಬಳಿ ಕೂಲಿಯವರು ನಿಲ್ಲುವ ಕಡೆಗೆ ಹೋದೆ, ಅಷ್ಟೇ.

ಗಾರೆಯವರು, ಬಡಗಿಗಳು, ಮಣ್ಣು ಹೊರುವವರು, ಆಳು ಹುಡುಕಿ ಬಂದ ನಾಲ್ಕಾರು ಮೇಸ್ತ್ರಿಗಳು. ಅವನು ಒಂದು ಪಕ್ಕಕ್ಕೆ ಚೀಲದ ಮೇಲೆ ಕೂತಿದ್ದ. ಟೀ ಅಂಗಡಿಯ ಬೆಂಚು ಹತ್ತಿದೆ. "ಬಂಗಾರಪೇಟೆ ನೆಲ ಉಬ್ಬಿಸಿದ್ದು ನಾನು" ಎಂದೆ. ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಮತ್ತೆ ಕೂಗಿ ಹೇಳಿದೆ. ಸೈನೈಡ್ ಗುಡ್ಡದ ಮರಳು ತಂದದ್ದು ನಾನು. ಅವನು ಬೇಡವೆಂದ, ನಾನು ನಗಾಡಿ ಒಪ್ಪಿಸಿದೆ. ನನ್ನ ತಲೆ ಮೇಲೆ ಎಂದೆ, ಆಮೇಲೆ ಅವನ ತಲೆ ಮೇಲೆ ಇಟ್ಟೆ. ಸೋಡಾ ಅಂದದ್ದು ಸುಳ್ಳು.

ತಲೆಗಳು ಅವನ ಕಡೆ ತಿರುಗಿದವು. ಆಮೇಲೆ ಹಿಂದಿನಿಂದ ಯಾರೋ, "ಥೂ, ಇಳೀರಿ ಸಾಮಿ, ಬೆಂಚು ಉಬ್ಬಿಬಿಡ್ತದೆ!" ಎಂದ. ಎಲ್ಲರೂ ನಕ್ಕರು. ಇಳಿದೆ. ಆಸ್ಪತ್ರೆ ಕಡೆ ಮನೆ ಕಟ್ಟಿಸುತ್ತಿದ್ದ ಒಬ್ಬ ಮೇಸ್ತ್ರಿ ಅವನ ಬಳಿ ಹೋಗಿ, "ನೆಲದ ಕೆಲಸ ಐತೆ, ಬತ್ತೀಯಾ?" ಎಂದು ಕೇಳಿದ. ಅವನು ಚೀಲ ಝಾಡಿಸಿ ಎದ್ದ. ನನ್ನ ಪಕ್ಕದಲ್ಲೇ ಹಾದುಹೋದ, ನೋಡಲಿಲ್ಲ.

ಮಿಲ್ ಯಜಮಾನರು ಮತ್ತೆ ನನ್ನನ್ನು ಮನೆಗೆ ಸೇರಿಸಲಿಲ್ಲ. ಅವರ ಹಜಾರಕ್ಕೆ ಕೊನೆಗೆ ಯಾರೋ ಕೆಂಪು ನೆಲವನ್ನೇ ಹಾಕಿಕೊಟ್ಟರಂತೆ. ನಾನು ಮೂರು ವರ್ಷ ಬರೀ ಹಳೆಯ ಕುರ್ಚಿ ಪಾಲೀಷ್ ಮಾಡಿಕೊಂಡಿದ್ದೆ. ಇವತ್ತಿಗೂ ಯಾರಾದರೂ ಹೊಸ ಸಾಮಾನು ತಂದು ಹೊಗಳಿದರೆ, ಮೊದಲು ಅದನ್ನು ಕೈಯಲ್ಲಿ ಹಾಕುವವನ ಮುಖ ನೋಡಿ, ಎಂದು ಹುಡುಗರಿಗೆ ಹೇಳುತ್ತೇನೆ. ಅವನು ಅನುಮಾನಿಸಿದರೆ ನಗಬೇಡಿ, ನಿಂತು ಕೇಳಿ.

ಒಂದೆರಡು ವರ್ಷದ ಮೇಲೆ ಬಂಗಾರಪೇಟೆಯ ಬಸ್ ನಿಲ್ದಾಣದಲ್ಲಿ ಅವನನ್ನು ಕಂಡೆ. ಬೂದಿಕೋಟೆ ಕಡೆ ಒಂದು ದೊಡ್ಡ ಮನೆಯ ನೆಲ ಹಿಡಿದಿದ್ದ. ಕೈಕೆಳಗೆ ಎಂಟು ಆಳು. ಕರಣೆ, ಮಟ್ಟಗೋಲು ಹೊತ್ತ ಆಳೊಬ್ಬ ಬಸ್ಸಿನ ಬಾಗಿಲಿನಿಂದ ಪ್ರೀತಿಯಿಂದಲೇ ಕೂಗಿದ: "ಸೋಡಾ ಮೇಸ್ತ್ರೀ, ಬಸ್ಸು ಒರಡ್ತದೆ, ಬರ್ರೀ!"

ನನಗೆ ಮುಖ ಎತ್ತಲಾಗಲಿಲ್ಲ. "ಇನ್ನೂ ಹಾಗೇ ಕರೀತಾರಾ?" ಎಂದೆ.

"ಏನ್ಮಾಡಾದಣ್ಣ," ಎಂದ ಅವನು ಚೀಲ ಹೆಗಲಿಗೆ ಏರಿಸಿಕೊಳ್ಳುತ್ತ, "ನೀನು ಕಟ್ಟಿದ ಹೆಸ್ರು ಗಟ್ಟಿಯಾಗಿ ಕೂತೈತೆ. ನೆಲಾನೂ ಅಂಗೇ ಕಟ್ಟಿದ್ರೆ ಆಗ್ತಿತ್ತು."